ಹಬೆ ವಿಮಾನದ ಅನಿಮೆ ಸರಣಿ ಕಟ್ಟುವುದು ಹೇಗೆ: ಬಾಯ್ಲರ್‌ನಿಂದಲೇ ಶುರು ಮಾಡಿ

ಎಳೆಯ ಪೈಲಟ್‌ಗಳು, ಹಬೆಯಿಂದ ಹಾರುವ ವಿಮಾನಗಳು, ಮೋಡಗಳ ನಡುವೆ ಕಾಳಗ. ಇಂಥ ಅನಿಮೆ (ಜಪಾನಿ ಶೈಲಿಯ ಅನಿಮೇಷನ್) ಸರಣಿಯನ್ನು ಯೋಚಿಸುವವರು ಹೆಚ್ಚಾಗಿ ಮೊದಲು ನಾಯಕಿಯ ಮುಖ ಬರೆಯುತ್ತಾರೆ, ಆಮೇಲೆ ರೆಕ್ಕೆ ಬರೆಯುತ್ತಾರೆ, ಜಾಗ ಉಳಿದಲ್ಲಿ ಹಿತ್ತಾಳೆ ಕೊಳವೆ ಸೇರಿಸುತ್ತಾರೆ. ಆಗ ಹಬೆ ಬರೀ ಅಲಂಕಾರವಾಗಿ ಉಳಿಯುತ್ತದೆ. ಅದೇ ವಿಮಾನಕ್ಕೆ ಪೆಟ್ರೋಲ್ ಎಂಜಿನ್ ಕೂರಿಸಿದರೂ ಕಥೆಯಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಹಬೆಗೆ ಕಥೆಯಲ್ಲಿ ನಿಜವಾದ ಕೆಲಸ ಸಿಗಬೇಕೆಂದರೆ ಈ ಕ್ರಮವನ್ನು ತಿರುಗಿಸಬೇಕು. ಮೊದಲು ಬಾಯ್ಲರ್, ಅದರ ಹಿಂದೆ ನೀರು, ಆಮೇಲೆ ವಿಮಾನ, ಕೊನೆಗೆ ಅದರೊಳಗೆ ಕೂರುವ ಮಕ್ಕಳು.

ನೀರಿನ ಲೆಕ್ಕ

ಒಂದು ಸಣ್ಣ ಎರಡು ಸೀಟಿನ ವಿಮಾನ ಇಟ್ಟುಕೊಳ್ಳೋಣ. ಎಂಜಿನ್ ಶಕ್ತಿ 100 ಕಿಲೋವ್ಯಾಟ್, ಅಂದರೆ ಸುಮಾರು 135 ಎಚ್.ಪಿ. ಹಬೆ ರೈಲು ಎಂಜಿನ್‌ಗಳು ಕಲ್ಲಿದ್ದಲಿನ ಶಾಖದಲ್ಲಿ ಸಾಮಾನ್ಯವಾಗಿ 6ರಿಂದ 8 ಶೇಕಡವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತಿದ್ದವು. ನಮ್ಮದು ಹೆಚ್ಚು ಒತ್ತಡದ, ಚೆನ್ನಾಗಿ ಕಟ್ಟಿದ ಯಂತ್ರ ಎಂದುಕೊಂಡು 12 ಶೇಕಡ ಕೊಡೋಣ. ಆಗಲೂ ಬೆಂಕಿಯಿಂದ ಸುಮಾರು 830 ಕಿಲೋವ್ಯಾಟ್ ಶಾಖ ಬರಬೇಕು. ಒಂದು ಕೆ.ಜಿ. ಕಲ್ಲಿದ್ದಲಿನಲ್ಲಿ 28 ಮೆಗಾಜೌಲ್ ಇದೆ ಎಂದು ಹಿಡಿದರೆ ಗಂಟೆಗೆ ಸುಮಾರು 107 ಕೆ.ಜಿ. ಕಲ್ಲಿದ್ದಲು, ನಿಮಿಷಕ್ಕೆ 1.8 ಕೆ.ಜಿ. ಇದೇನೂ ದೊಡ್ಡ ತೂಕವಲ್ಲ.

ಪೆಟ್ಟು ಬೀಳುವುದು ನೀರಿನಲ್ಲಿ. 100 ಡಿಗ್ರಿಯಲ್ಲಿರುವ ಒಂದು ಕೆ.ಜಿ. ನೀರು ಹಬೆಯಾಗಲು ಸುಮಾರು 2,257 ಕಿಲೋಜೌಲ್ ನುಂಗುತ್ತದೆ. ಅದಕ್ಕೂ ಮೊದಲು 20 ಡಿಗ್ರಿಯಿಂದ 100ಕ್ಕೆ ಏರಲು 335 ಬೇಕು. ಅದರ ಮೇಲೆ ಹಬೆಯನ್ನು ಇನ್ನಷ್ಟು ಕಾಯಿಸುವ ಖರ್ಚು. ಬೆಂಕಿಯ ಶಾಖದಲ್ಲಿ 80 ಶೇಕಡ ನೀರಿಗೆ ತಲುಪಿತು ಎಂದುಕೊಂಡರೆ ಗಂಟೆಗೆ 800 ಕೆ.ಜಿ.ಗೂ ಹೆಚ್ಚು ನೀರು ಹಬೆಯಾಗಿ ಹೊರಗೆ ಹೋಗುತ್ತದೆ. ನಿಮಿಷಕ್ಕೆ ಸುಮಾರು 14 ಕೆ.ಜಿ. ಕಲ್ಲಿದ್ದಲಿಗಿಂತ ಏಳೆಂಟು ಪಟ್ಟು ಬೇಗ ಖಾಲಿಯಾಗುವುದು ನೀರು. ಆದ್ದರಿಂದ ನಿಮ್ಮ ಕಥೆಯಲ್ಲಿ ‘ಕಲ್ಲಿದ್ದಲು ಮುಗೀತು’ ಅನ್ನುವ ಗಾಬರಿ ಬರುವ ಹೊತ್ತಿಗೆ ವಿಮಾನ ಎಂದೋ ಕೆಳಗಿಳಿದಿರಬೇಕು. ಗಾಬರಿ ನೀರಿನದೇ ಆಗಬೇಕು.

ಈಗ ತೂಕ ಕೂಡಿಸಿ. ಖಾಲಿ ವಿಮಾನ 350 ಕೆ.ಜಿ., ಬಾಯ್ಲರ್ ಮತ್ತು ಎಂಜಿನ್ ಸೇರಿ 300, ಇಪ್ಪತ್ತು ನಿಮಿಷದ ನೀರು 280, ಅದಕ್ಕೆ ತಕ್ಕ ಕಲ್ಲಿದ್ದಲು 36. ಉಳಿದದ್ದು ಇಬ್ಬರು ಮನುಷ್ಯರು. 75 ಕೆ.ಜಿ.ಯ ಇಬ್ಬರು ದೊಡ್ಡವರ ಬದಲು 50 ಕೆ.ಜಿ.ಯ ಇಬ್ಬರು ಹುಡುಗರು ಕೂತರೆ 50 ಕೆ.ಜಿ. ಉಳಿಯಿತು. ಆ 50 ಕೆ.ಜಿ.ಯಲ್ಲಿ ಮೂರು ನಿಮಿಷಕ್ಕೂ ಹೆಚ್ಚಿನ ಹಾರಾಟಕ್ಕೆ ಬೇಕಾದ ನೀರೂ ಕಲ್ಲಿದ್ದಲೂ ಬರುತ್ತವೆ. ಇಪ್ಪತ್ತು ನಿಮಿಷದ ಹಾರಾಟದಲ್ಲಿ ಮೂರು ನಿಮಿಷ! ದೊಡ್ಡವರು ನೆಲದಲ್ಲಿ ಕೂತು ಮಕ್ಕಳನ್ನು ಕಾಳಗಕ್ಕೆ ಕಳಿಸುವ ಲೋಕ ಏಕೆ ಹುಟ್ಟಿತು ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ, ಇದಕ್ಕಿಂತ ಕ್ರೂರವಾದ ಉತ್ತರ ಬೇಕಿಲ್ಲ. ದೈವದತ್ತ ಶಕ್ತಿ, ವಂಶದ ರಕ್ತ ಇವುಗಳ ಮೊರೆ ಹೋಗುವ ಮುನ್ನ ಈ ತೂಕದ ಪಟ್ಟಿಯನ್ನು ಒಮ್ಮೆ ನೋಡಿ. ಮಕ್ಕಳು ಬೆಳೆಯುತ್ತಾರೆ. ಪ್ರತಿ ತಿಂಗಳು ತಕ್ಕಡಿ ಮೇಲೆ ನಿಲ್ಲಿಸುವ ದೃಶ್ಯವೊಂದನ್ನು ಬರೆದರೆ ಇಡೀ ವ್ಯವಸ್ಥೆ ಎಂಥದ್ದೆಂದು ಮಾತಿಲ್ಲದೆ ತಿಳಿಯುತ್ತದೆ.

ಟಿವಿ ಅನಿಮೆಯ ಒಂದು ಕಂತಿನಲ್ಲಿ ಶುರುವಿನ ಹಾಡು, ಕೊನೆಯ ಹಾಡು ತಲಾ ಒಂದೂವರೆ ನಿಮಿಷ ಹೋದರೆ ಕಥೆಗೆ ಉಳಿಯುವುದು 21 ನಿಮಿಷದ ಆಸುಪಾಸು. ನಮ್ಮ ವಿಮಾನದ ನೀರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬರುತ್ತದೆ. ಸರಣಿಯಲ್ಲಿ ಒಂದು ಕಂತನ್ನಾದರೂ ಏರಿದ ಕ್ಷಣದಿಂದ ಇಳಿಯುವ ಕ್ಷಣದವರೆಗೆ ನಡುವೆ ಕಾಲ ಹಾರಿಸದೆ ಬರೆಯಿರಿ. ಗೇಜ್ ಗ್ಲಾಸಿನ (ನೀರು ಎಷ್ಟಿದೆಯೆಂದು ತೋರಿಸುವ ಗಾಜಿನ ಕೊಳವೆಯ) ನೀರಿನ ಮಟ್ಟವೇ ಗಡಿಯಾರದ ಕೆಲಸ ಮಾಡುತ್ತದೆ.

ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಹೊರಟಾಗ ಒಂದು ಟನ್ ದಾಟಿದ್ದ ವಿಮಾನ ಇಳಿಯುವಾಗ 300 ಕೆ.ಜಿ. ಹಗುರವಾಗಿರುತ್ತದೆ. ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋಗುವ ವೇಗ ಸುಮಾರು 16 ಶೇಕಡ ಕಡಿಮೆಯಾಗುತ್ತದೆ, ತಿರುವು ಚುರುಕಾಗುತ್ತದೆ. ಅನುಭವಿ ಪೈಲಟ್ ಮೊದಲ ಹತ್ತು ನಿಮಿಷ ಕಾಳಗ ತಪ್ಪಿಸಿಕೊಂಡು ಕೊನೆಯ ಐದು ನಿಮಿಷದಲ್ಲಿ ಎರಗುತ್ತಾಳೆ. ಹೊಸಬನಿಗೆ ಅದು ಹೇಡಿತನವಾಗಿ ಕಾಣುತ್ತದೆ. ನೀರಿನ ಟ್ಯಾಂಕನ್ನು ಮಾತ್ರ ರೆಕ್ಕೆಗಳ ನಡುವೆ, ಗುರುತ್ವ ಕೇಂದ್ರದ ಹತ್ತಿರವೇ ಇಡಿ. ಬಾಲದಲ್ಲಿ ಇಟ್ಟರೆ ನೀರು ಕಡಿಮೆಯಾದಂತೆ ಮೂತಿ ಭಾರವಾಗುತ್ತಾ ಹೋಗಿ, ಕೊನೆಗೆ ಇಳಿಯುವಾಗ ಮೂತಿ ಎತ್ತಲಾಗದೆ ನೆಲಕ್ಕೆ ಬಡಿಯುತ್ತದೆ.

ಇದು ಹಾರಲು ಸಾಧ್ಯವೇ?

ಸಾಧ್ಯ, ಹಾರಿಯೂ ಆಗಿದೆ. 1852ರ ಸೆಪ್ಟೆಂಬರ್ 24ರಂದು ಫ್ರಾನ್ಸಿನ ಎಂಜಿನಿಯರ್ ಆನ್ರಿ ಜಿಫಾರ್ 3 ಎಚ್.ಪಿ. ಹಬೆ ಎಂಜಿನ್ ಕಟ್ಟಿದ ವಾಯುನೌಕೆಯಲ್ಲಿ ಪ್ಯಾರಿಸ್‌ನಿಂದ ಸುಮಾರು 27 ಕಿ.ಮೀ. ಹಾರಿದ. ಮೇಲೆ ಹೈಡ್ರೋಜನ್ ತುಂಬಿದ ಚೀಲ, ಕೆಳಗೆ ಬೆಂಕಿ. ಹಾಗಾಗಿ ಹೊಗೆ ಕೊಳವೆಯನ್ನು ಕೆಳಮುಖವಾಗಿ ತಿರುಗಿಸಿದ್ದ. ಬಾಯ್ಲರ್‌ಗೆ ನೀರು ನೂಕುವ ಇಂಜೆಕ್ಟರ್ ಕಂಡುಹಿಡಿದವನೂ ಇವನೇ. ಅಮೆರಿಕದ ಸ್ಯಾಮ್ಯುಯಲ್ ಲ್ಯಾಂಗ್ಲಿಯ ಪೈಲಟ್ ಇಲ್ಲದ ಮಾದರಿ ವಿಮಾನ 1896ರ ಮೇ 6ರಂದು ಸುಮಾರು ಒಂದು ಎಚ್.ಪಿ. ಹಬೆ ಎಂಜಿನ್‌ನಿಂದ ಪೊಟೊಮ್ಯಾಕ್ ನದಿಯ ಮೇಲೆ ಒಂದು ಕಿ.ಮೀ.ನಷ್ಟು ಹಾರಿತು. ಎಲ್ಲಕ್ಕಿಂತ ಉಪಯುಕ್ತ ಉದಾಹರಣೆ 1933ರದು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಬೆಸ್ಲರ್ ಸಹೋದರರು ಟ್ರಾವೆಲ್ ಏರ್ ಕಂಪನಿಯ ಎರಡು ಜೊತೆ ರೆಕ್ಕೆಯ ಬೈಪ್ಲೇನ್‌ಗೆ 150 ಎಚ್.ಪಿ. ಹಬೆ ಎಂಜಿನ್ ಕೂರಿಸಿ ಹಾರಿಸಿದರು. ಅದು ಎಷ್ಟು ಸದ್ದಿಲ್ಲದೆ ಹಾರುತ್ತಿತ್ತೆಂದರೆ ಪೈಲಟ್ ಮೇಲಿನಿಂದ ಕೂಗಿದ್ದು ನೆಲದಲ್ಲಿದ್ದವರಿಗೆ ಕೇಳುತ್ತಿತ್ತು. ಇಳಿದ ಕೂಡಲೇ ಎಂಜಿನ್ ಹಿಂದಕ್ಕೆ ತಿರುಗಿಸಿ ಪ್ರೊಪೆಲರ್‌ನಿಂದಲೇ ಬ್ರೇಕ್ ಹಾಕಬಹುದಿತ್ತು. ಈ ಎರಡು ಗುಣಗಳೂ ಕಥೆಗೆ ಬಂಗಾರ: ಸದ್ದಿಲ್ಲದ ದಾಳಿ, ಚಿಕ್ಕ ಹಡಗಿನ ಮೇಲೂ ಇಳಿಯುವ ಸಾಮರ್ಥ್ಯ.

ಯಾವ ಬಾಯ್ಲರ್?

ಎರಡು ಜಾತಿ ಸಾಕು. ಒಂದು ರೈಲು ಎಂಜಿನ್ನಿನಂಥ ಫೈರ್‌ಟ್ಯೂಬ್ ಬಾಯ್ಲರ್. ದೊಡ್ಡ ಡ್ರಮ್ಮಿನಲ್ಲಿ ನೀರು, ಅದರೊಳಗೆ ಹಾದುಹೋಗುವ ಕೊಳವೆಗಳಲ್ಲಿ ಬಿಸಿ ಹೊಗೆ. ನೀರು ಬಹಳ ಇರುವುದರಿಂದ ಒತ್ತಡ ಬೇಗ ಬೀಳದು. ಆದರೆ ತಣ್ಣಗಿರುವ ಬಾಯ್ಲರ್‌ನಲ್ಲಿ ಹಬೆ ಏಳಲು ಗಂಟೆಗಟ್ಟಲೆ ಬೇಕು. ಅವಸರ ಮಾಡಿದರೆ ತಗಡುಗಳು ಒಂದೊಂದು ಕಡೆ ಒಂದೊಂದು ಅಳತೆಯಲ್ಲಿ ಹಿಗ್ಗಿ ಬೆಸುಗೆ, ಕೊಳವೆಯ ತುದಿಗಳು ಸೋರತೊಡಗುತ್ತವೆ. ಇನ್ನೊಂದು, ಒಂದೇ ಉದ್ದದ ಕೊಳವೆಯನ್ನು ಸುರುಳಿ ಸುತ್ತಿದ ಫ್ಲ್ಯಾಶ್ ಬಾಯ್ಲರ್. ಒಂದು ತುದಿಯಲ್ಲಿ ನೀರು ಹೋಗಿ ಇನ್ನೊಂದು ತುದಿಯಲ್ಲಿ ಹಬೆಯಾಗಿ ಬರುತ್ತದೆ. ಒಂದೆರಡು ನಿಮಿಷದಲ್ಲಿ ತಯಾರು, ಹಗುರ, ಒಡೆದರೂ ಒಳಗೆ ನೀರು ಕಡಿಮೆ ಇರುವುದರಿಂದ ಹಾನಿ ಕಡಿಮೆ. ದೋಷವೆಂದರೆ ಕೈಯಲ್ಲಿ ಉಳಿತಾಯವೇ ಇರುವುದಿಲ್ಲ. ನೀರಿನ ಪಂಪ್ ಕೆಲವು ಸೆಕೆಂಡು ನಿಂತರೂ ಸುರುಳಿ ಕೆಂಪಗೆ ಕಾದು ಹಾಳಾಗುತ್ತದೆ.

ಕಾದಾಡುವ ಸಣ್ಣ ವಿಮಾನಕ್ಕೆ ಸೀಮೆಎಣ್ಣೆ ಬರ್ನರ್ ಇರುವ ಫ್ಲ್ಯಾಶ್ ಬಾಯ್ಲರ್ ಸಹಜ. ಸಣ್ಣ ವಿಮಾನಗಳನ್ನು ಹೊತ್ತೊಯ್ಯುವ ದೊಡ್ಡ ತಾಯಿ ಹಡಗಿಗೆ ಕಲ್ಲಿದ್ದಲಿನ ಫೈರ್‌ಟ್ಯೂಬ್. ಎರಡು ಪಕ್ಷಗಳಿದ್ದರೆ ಒಬ್ಬರಿಗೆ ಒಂದೊಂದು ಕೊಡಿ. ಒಂದು ಕಡೆಯವರು ರಾತ್ರಿಯಿಡೀ ಬೆಂಕಿ ಮುಚ್ಚಿಟ್ಟು ಕಾಯಬೇಕು, ಇನ್ನೊಂದು ಕಡೆಯವರು ಗಂಟೆ ಬಾರಿಸಿದ ಕೂಡಲೇ ಏರುತ್ತಾರೆ. ಯುದ್ಧತಂತ್ರ, ಪಾಳಿ, ನಿದ್ದೆ, ಜಗಳ ಎಲ್ಲವೂ ಈ ಒಂದು ವ್ಯತ್ಯಾಸದಿಂದ ತಾನಾಗಿ ಬೇರೆಯಾಗುತ್ತವೆ. ಆದರೂ ನಾಯಕರ ವಿಮಾನಕ್ಕೆ ಕಲ್ಲಿದ್ದಲಿನ ಡ್ರಮ್ ಬಾಯ್ಲರ್ ಕೊಡುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಭೌತಶಾಸ್ತ್ರದ ದೃಷ್ಟಿಯಿಂದ ಅದು ಕೆಟ್ಟ ಆಯ್ಕೆ. ನಾಟಕಕ್ಕೆ ಅದರಷ್ಟು ಒದಗುವುದು ಇನ್ನೊಂದಿಲ್ಲ. ಮುಂದಿನ ಮಾತೆಲ್ಲ ಅದನ್ನೇ ಇಟ್ಟುಕೊಂಡದ್ದು.

ಬಾಯ್ಲರ್ ಎಲ್ಲಿ, ಹೇಗೆ ಕೂರಬೇಕು

ಬೆಂಕಿಯ ನೆತ್ತಿಯ ಮೇಲಿರುವ ತಗಡು ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ಇದೊಂದು ನಿಯಮದಿಂದಲೇ ವಿಮಾನದ ಆಕಾರ ಹುಟ್ಟುತ್ತದೆ. ಒಂದೂವರೆ ಮೀಟರ್ ಉದ್ದದ ಬಾಯ್ಲರನ್ನು ಮೂತಿಯಿಂದ ಬಾಲದ ಕಡೆಗೆ ಮಲಗಿಸಿ, ವಿಮಾನ 20 ಡಿಗ್ರಿಯಲ್ಲಿ ಏರಿತು ಅನ್ನಿ. ಮುಂದಿನ ತುದಿಯಲ್ಲಿ ನೀರು 27 ಸೆಂ.ಮೀ. ಇಳಿದು ಹಿಂದಿನ ತುದಿಯಲ್ಲಿ ಅಷ್ಟೇ ಏರುತ್ತದೆ. ಮುಂದಿನ ತಗಡು ಬಯಲಾಯಿತು, ಹಿಂದೆ ನೀರು ಹಬೆಯ ಕೊಳವೆಗೆ ನುಗ್ಗಿತು. ಅದೇ ಬಾಯ್ಲರನ್ನು ಅಡ್ಡಲಾಗಿ ಕೂರಿಸಿ, ಮೂತಿ-ಬಾಲದ ದಿಕ್ಕಿನಲ್ಲಿ ಅದರ ಅಗಲ 60 ಸೆಂ.ಮೀ. ಇದ್ದರೆ ಏರುಪೇರು 11 ಸೆಂ.ಮೀ. ಮಾತ್ರ. ಹಾಗಾಗಿ ಪೈಲಟ್‌ಳ ಬೆನ್ನ ಹಿಂದೆ ಅಡ್ಡ ಕೂತ ದಪ್ಪ ಪೀಪಾಯಿ, ಅದರ ಎರಡು ತುದಿ ಒಡಲಿನ ಇಕ್ಕೆಲದಲ್ಲೂ ಉಬ್ಬಿಕೊಂಡು ಕಾಣುವ ರೂಪವೇ ಸರಿಯಾದದ್ದು. ಬಿಳಿ ಹಾಳೆಯಲ್ಲಿ ಗೆರೆ ಎಳೆದು ಹುಡುಕಿದರೂ ಇಂಥ ನೆನಪಿನಲ್ಲಿ ಉಳಿಯುವ ಆಕೃತಿ ಸುಲಭವಾಗಿ ಸಿಗದು.

ತಿರುವಿನ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ವಿಮಾನ 60 ಡಿಗ್ರಿ ವಾಲಿದರೆ ಬಾಯ್ಲರಿನ ನೀರೂ ಒಂದು ಪಕ್ಕಕ್ಕೆ ಸುರಿಯುತ್ತದೆ ಎಂದು ಬರೆದುಬಿಡುತ್ತಾರೆ. ರಡ್ಡರ್ (ಬಾಲದ ಚುಕ್ಕಾಣಿ) ಮತ್ತು ಏಲೆರಾನ್ (ರೆಕ್ಕೆಯ ಹಿಂಚಿನ ಪಟ್ಟಿ) ಹದವಾಗಿ ಬಳಸಿ ತಿರುಗಿದರೆ ಹಾಗಾಗುವುದಿಲ್ಲ. ಒಳಗಿರುವವರಿಗೆ ‘ಕೆಳಗೆ’ ಅನ್ನಿಸುವುದು ವಿಮಾನದ ನೆಲದ ಕಡೆಗೇ. ನೀರಿನ ಮಟ್ಟವೂ ನೆಲಕ್ಕೆ ಸಮಾನಾಂತರವಾಗಿ ಹಾಗೇ ನಿಲ್ಲುತ್ತದೆ; ತೂಕ ಮಾತ್ರ ಎರಡು ಪಟ್ಟಾಗುತ್ತದೆ. ನೀರು ಪಕ್ಕಕ್ಕೆ ಜಾರುವುದು ಪೈಲಟ್ ಒರಟಾಗಿ ತಿರುಗಿಸಿದಾಗ, ವಿಮಾನ ಅಡ್ಡಡ್ಡ ಸರಿದಾಗ. ಅಂದರೆ ಗೇಜ್ ಗ್ಲಾಸಿನ ಒಂದು ಕ್ಲೋಸಪ್ಪಿನಿಂದ ಪೈಲಟ್‌ಳ ಕೈಚಳಕ ತೋರಿಸಬಹುದು: ಕಿಟಕಿಯಾಚೆ ದಿಗಂತ ಓಲಾಡುತ್ತಿದೆ, ಗ್ಲಾಸಿನಲ್ಲಿ ನೀರು ಕದಲುತ್ತಿಲ್ಲ. ಹೊಸಬನ ವಿಮಾನದಲ್ಲಿ ಅದೇ ತಿರುವಿಗೆ ನೀರು ಗ್ಲಾಸಿನಿಂದಲೇ ಮಾಯವಾಗುತ್ತದೆ. ತಲೆಕೆಳಗಾಗಿ ಹಾರುವುದು, ಕೋಲನ್ನು ಮುಂದೆ ನೂಕಿ ಧುಮುಕುವುದು ಇವೆರಡೂ ಈ ವಿಮಾನಕ್ಕೆ ನಿಷಿದ್ಧ. ತೂಕ ಇಲ್ಲವಾದ ಕ್ಷಣ ಕೆಂಡ ಜಾಲರಿಯಿಂದ ಮೇಲೇಳುತ್ತದೆ, ನೀರು ಹಬೆ ಕೊಳವೆಗೆ ಹೋಗುತ್ತದೆ. ಧುಮುಕಬೇಕೆಂದರೆ ಪಕ್ಕಕ್ಕೆ ವಾಲಿ, ಸುತ್ತುತ್ತಾ ಇಳಿಯಬೇಕು. ನಿಮ್ಮ ಕಾಳಗದ ನೃತ್ಯ ಬೇರೆಯವರದಕ್ಕಿಂತ ಭಿನ್ನವಾಗಿ ಕಾಣುವುದು ಇಂಥ ನಿಷೇಧಗಳಿಂದಲೇ.

ಇಬ್ಬರ ಕೆಲಸ

ಒಬ್ಬಳು ಪೈಲಟ್, ಬಾಯ್ಲರಿನ ಬೆಂಕಿ, ನೀರು ನೋಡಿಕೊಳ್ಳುವ ಒಬ್ಬ ಫೈರ್‌ಮ್ಯಾನ್. ನಿಮಿಷಕ್ಕೆ 1.8 ಕೆ.ಜಿ. ಕಲ್ಲಿದ್ದಲು ಅಂದರೆ ಎರಡೂವರೆ ನಿಮಿಷಕ್ಕೆ ಒಂದು ಸಲಿಕೆ. ಬೆವರು ಸುರಿಸಿ ಸಲಿಕೆ ಎತ್ತುವುದೇ ಫೈರ್‌ಮ್ಯಾನ್ ಕೆಲಸ ಎಂದು ತೋರಿಸಬೇಡಿ, ಅದು 2,000 ಕಿಲೋವ್ಯಾಟ್ ತಾಯಿ ಹಡಗಿನ ಕೆಲಸ. ಅಲ್ಲಿ ಗಂಟೆಗೆ ಎರಡು ಟನ್ ದಾಟುತ್ತದೆ, ಒಬ್ಬನ ರಟ್ಟೆಗೆ ಅದು ಮಿತಿ ಮೀರಿದ್ದು. ಸಣ್ಣ ವಿಮಾನದಲ್ಲಿ ಫೈರ್‌ಮ್ಯಾನ್ ಮಾಡುವುದು ಮುಂದಾಲೋಚನೆ.

ಯಾಕೆಂದರೆ ಬೆಂಕಿಗೆ ಹಾಕಿದ್ದು ಒತ್ತಡವಾಗಿ ಬರಲು ಕೆಲವು ನಿಮಿಷ ಹಿಡಿಯುತ್ತದೆ. ಹಸಿ ಕಲ್ಲಿದ್ದಲು ಬಿದ್ದ ಕೂಡಲೇ ಬೆಂಕಿ ಸ್ವಲ್ಪ ತಣಿದು ಒತ್ತಡ ಮೊದಲು ಇಳಿಯುತ್ತದೆ, ಆಮೇಲೆ ಏರುತ್ತದೆ. ಬಾಯ್ಲರಿಗೆ ತಣ್ಣೀರು ನೂಕಿದರೂ ಒತ್ತಡ ಇಳಿಯುತ್ತದೆ. ಈ ಹಗ್ಗಜಗ್ಗಾಟವೇ ನಾಟಕದ ಬೇರು. ನೀರು ಕಾಲು ಗ್ಲಾಸಿಗೆ ಬಂದಿದೆ, ಒತ್ತಡವೂ ಕುಸಿದಿದೆ, ಶತ್ರು ಬಾಲ ಹಿಡಿದಿದ್ದಾನೆ. ನೀರು ಬಿಟ್ಟರೆ ಎಂಜಿನ್ ಸೊರಗುತ್ತದೆ, ಬಿಡದಿದ್ದರೆ ಬಾಯ್ಲರ್ ಉಳಿಯುವುದಿಲ್ಲ. ಮಾತು ಹೀಗೆ ಚಿಕ್ಕದಾಗಿರಲಿ:

‘ನೀರು ಕಾಲು.’
‘ತಡಿಯೋ, ಆ ಗುಡ್ಡ ದಾಟ್ಲಿ.’
‘ಒಂದು ನಿಮಿಷ ಅಷ್ಟೇ. ಆಮೇಲೆ ನಿನ್ನ ಕೇಳಲ್ಲ, ಬಿಡ್ತೀನಿ.’

ಎಂಜಿನ್ನಿಗೆ ಹೋಗುವ ಹಬೆಯನ್ನು ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್ ಪೈಲಟ್ ಕೈಯಲ್ಲಿ, ಇಂಜೆಕ್ಟರ್ ಫೈರ್‌ಮ್ಯಾನ್ ಕೈಯಲ್ಲಿ. ಇಬ್ಬರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಹಾಳು ಮಾಡಬಲ್ಲರು. ಮನಸ್ತಾಪವಿರುವ ಜೋಡಿಯನ್ನು ಕೂರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಅಡಗಿ ಕೂರುವ ದೃಶ್ಯದಲ್ಲಿ ಸೇಫ್ಟಿ ವಾಲ್ವ್ ನೆನಪಿರಲಿ. ಬೆಂಕಿ ಜೋರಾಗಿರುವಾಗ ಪೈಲಟ್ ಸದ್ದು ಮಾಡಬಾರದೆಂದು ರೆಗ್ಯುಲೇಟರ್ ಮುಚ್ಚಿದರೆ ಹಬೆಗೆ ಹೋಗಲು ದಾರಿಯಿಲ್ಲ. ಒತ್ತಡ ಏರುತ್ತದೆ, ವಾಲ್ವ್ ತೆರೆದು ಕಿವಿಗಡಚಿಕ್ಕುವಂತೆ ಹಬೆ ಚಿಮ್ಮುತ್ತದೆ. ಅಡಗಿದ್ದವರು ಹೀಗೆ ಸಿಕ್ಕಿಬೀಳುತ್ತಾರೆ. ಗೊತ್ತಿರುವ ಫೈರ್‌ಮ್ಯಾನ್ ಮೊದಲೇ ಬೆಂಕಿಯ ಗಾಳಿ ತಗ್ಗಿಸಿ, ಇಂಜೆಕ್ಟರ್ ತೆರೆದು ತಣ್ಣೀರಿನಿಂದ ಒತ್ತಡ ಇಳಿಸುತ್ತಾನೆ. ರಾತ್ರಿಯಾದರೆ ಬೆಂಕಿಬಾಗಿಲು ತೆರೆದ ಕ್ಷಣ ಮೇಲಿನ ಹೊಗೆಯೆಲ್ಲ ಕಿತ್ತಳೆಯಾಗಿ ಬೆಳಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೈಲು ಎಂಜಿನ್‌ಗಳಿಗೆ ಇದೇ ಕಾರಣಕ್ಕೆ ಟಾರ್ಪಾಲು ಕಟ್ಟುತ್ತಿದ್ದರು.

ಏನೇನು ಕೆಡುತ್ತದೆ

ಬಾಯ್ಲರ್ ಸಿಡಿಯುವುದನ್ನು ಒತ್ತಡದ ಮುಳ್ಳು ಕೆಂಪು ಗೆರೆ ದಾಟುವ ಕ್ಲೋಸಪ್ಪಿನಿಂದ ತೋರಿಸುವುದು ವಾಡಿಕೆ. ವಾಸ್ತವದಲ್ಲಿ ಅನೇಕ ಅನಾಹುತಗಳು ಆಗಿದ್ದು ನೀರು ಕಡಿಮೆಯಾಗಿ. ಬೆಂಕಿಯ ನೆತ್ತಿಯ ತಗಡು ನೀರಿಲ್ಲದೆ ಕಾದು, ಮೆತ್ತಗಾಗಿ, ಮಾಮೂಲಿ ಒತ್ತಡವನ್ನೇ ತಾಳದೆ ಹರಿಯುತ್ತದೆ. 10 ಬಾರ್ (ವಾತಾವರಣದ ಸುಮಾರು ಹತ್ತು ಪಟ್ಟು) ಒತ್ತಡದಲ್ಲಿ ನೀರು 180 ಡಿಗ್ರಿಯಲ್ಲಿರುತ್ತದೆ. ಒತ್ತಡ ಹಠಾತ್ತನೆ ಇಲ್ಲವಾದರೆ ಅದರಲ್ಲೊಂದು ಭಾಗ ಕಣ್ಣು ಮಿಟುಕಿಸುವುದರೊಳಗೆ ಹಬೆಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಜಾಗ ಕೇಳುತ್ತದೆ. ಇದಕ್ಕೆ ಎಚ್ಚರಿಕೆಯಾಗಿ ಆ ತಗಡಿನಲ್ಲಿ ಬೇಗ ಕರಗುವ ಲೋಹ ತುಂಬಿದ ಫ್ಯೂಸಿಬಲ್ ಪ್ಲಗ್ ಇರುತ್ತದೆ. ಅದು ಕರಗಿದರೆ ಹಬೆ ನೇರ ಬೆಂಕಿಯ ಮೇಲೆ ಬೀಳುತ್ತದೆ. ಮಕ್ಕಳು ಆಗ ಮಾಡಬೇಕಾದ್ದು ಬೆಂಕಿ ಆರಿಸಿ, ಜಾರಿಕೊಂಡು ಇಳಿಯುವುದು.

ಇನ್ನೊಂದು, ಪ್ರೈಮಿಂಗ್. ನೀರು ಹೆಚ್ಚಾಗಿ ತುಂಬಿದರೆ ಅಥವಾ ಕೊಳೆ ನೀರಾಗಿದ್ದರೆ ನೊರೆಯೆದ್ದು ಹಬೆಯ ಜೊತೆ ನೀರೇ ಸಿಲಿಂಡರಿಗೆ ಹೋಗುತ್ತದೆ. ನೀರು ಹಿಂಡಿದರೆ ಕುಗ್ಗುವುದಿಲ್ಲ. ಪಿಸ್ಟನ್ ಅದನ್ನು ಒತ್ತಿದಾಗ ಸಿಲಿಂಡರಿನ ಮುಚ್ಚಳವೇ ಬಿರುಕು ಬಿಡುತ್ತದೆ. ಲಕ್ಷಣ: ಕೊಳವೆಯಿಂದ ಹಬೆಯ ಜೊತೆ ನೀರಿನ ಹನಿ ಉಗುಳುವುದು, ಸದ್ದು ಮಂಕಾಗುವುದು. ಮದ್ದು: ರೆಗ್ಯುಲೇಟರ್ ಇಳಿಸಿ, ಸಿಲಿಂಡರಿನಲ್ಲಿ ನಿಂತ ನೀರು ಹೊರಬಿಡುವ ಡ್ರೈನ್ ಕಾಕ್ ತೆರೆಯುವುದು. ತಣ್ಣನೆಯ ಎಂಜಿನ್ ಹೊರಡಿಸುವಾಗಲೂ ಇದೇ ಕಾಕ್ ತೆರೆದಿರಬೇಕು, ಹೊರಡುವ ವಿಮಾನದ ಕೆಳಗೆ ಎರಡೂ ಕಡೆ ಹಬೆ ಬುಸುಗುಡುವುದು ಅದಕ್ಕೇ.

ಕಡಲಿನ ಮೇಲೆ ಇಳಿದು ಉಪ್ಪುನೀರು ತುಂಬಿಕೊಂಡು ಪಾರಾಗುವ ಪ್ರಸಂಗ ಬರೆಯಿರಿ, ಅದು ಸಾಧ್ಯ. ಬೆಲೆಯನ್ನು ಮಾತ್ರ ಮುಂದಿನ ಕಂತಿನಲ್ಲಿ ತೆರಬೇಕು: ನೊರೆ, ಪ್ರೈಮಿಂಗ್, ಕೊಳವೆಯ ಮೇಲೆ ಕಟ್ಟಿದ ಉಪ್ಪಿನ ಪದರ, ಅದನ್ನು ಕೆರೆಯುವ ಉದ್ದನೆಯ ರಾತ್ರಿ. ಎತ್ತರದಲ್ಲಿ ಚಳಿಯೂ ಶತ್ರುವೇ. ನೆಲದಲ್ಲಿ 15 ಡಿಗ್ರಿ ಇದ್ದರೆ 3,000 ಮೀಟರ್ ಮೇಲೆ ಸುಮಾರು ಮೈನಸ್ 4.5. ಟ್ಯಾಂಕಿನಿಂದ ಬಾಯ್ಲರಿಗೆ ಹೋಗುವ ಪೈಪಿನಲ್ಲಿ ನೀರು ನಿಂತರೆ ಹೆಪ್ಪುಗಟ್ಟುತ್ತದೆ.

ಕ್ರ್ಯಾಂಕ್, ಚಕ್ರ, ಹಬೆ ಬರೆಯುವುದು

ಟಿವಿ ಅನಿಮೆಯಲ್ಲಿ ಸೆಕೆಂಡಿಗೆ 24 ಫ್ರೇಮ್. ಹೆಚ್ಚಿನ ಚಲನೆ ಮೂರು ಫ್ರೇಮಿಗೊಂದು ಚಿತ್ರ, ಅಂದರೆ ಸೆಕೆಂಡಿಗೆ 8 ಚಿತ್ರ. ಪಿಸ್ಟನ್ನಿನ ಹಿಂದುಮುಂದಿನ ಓಟವನ್ನು ಸುತ್ತಾಗಿ ಬದಲಿಸುವ ತೋಳು ಕ್ರ್ಯಾಂಕ್; ಸೆಕೆಂಡಿಗೆ ಒಂದು ಸುತ್ತು ತಿರುಗುವ ಕ್ರ್ಯಾಂಕಿಗೆ 8 ಚಿತ್ರ ಬೇಕು, ಚಿತ್ರಕ್ಕೆ 45 ಡಿಗ್ರಿ. ಪಿಸ್ಟನ್ನನ್ನು ಸಮ ಅಂತರದಲ್ಲಿ ಬರೆದರೆ ಆಟಿಕೆಯಾಗಿ ಕಾಣುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್‌ನ ಉದ್ದ ಕ್ರ್ಯಾಂಕಿನ ನಾಲ್ಕು ಪಟ್ಟು ಎಂದು ಹಿಡಿದು, ಕ್ರ್ಯಾಂಕಿನಿಂದ ದೂರದ ತುದಿಯಿಂದ ಅಳೆದರೆ ಪಿಸ್ಟನ್ ಇರಬೇಕಾದ ಜಾಗ ಹೀಗೆ, ಓಟದ ಶೇಕಡಾವಾರಿನಲ್ಲಿ: 0, 18, 56, 89, 100, ಮತ್ತೆ ಹಿಂದಕ್ಕೆ 89, 56, 18. ಕ್ರ್ಯಾಂಕ್ 90 ಡಿಗ್ರಿಯಲ್ಲಿರುವಾಗ ಪಿಸ್ಟನ್ ನಡುವಿನಲ್ಲಿಲ್ಲ, 6 ಶೇಕಡ ದಾಟಿದೆ. ಆ ಸಣ್ಣ ಓರೆಯಲ್ಲೇ ಲೋಹದ ತೂಕ ಕಾಣಿಸುತ್ತದೆ. ಈ ಎಂಟು ಅಂಕಿಗಳನ್ನು ಸೆಟ್ಟಿಂಗ್ ಶೀಟಿನಲ್ಲೇ (ಚಿತ್ರಕಾರರಿಗೆ ಕೊಡುವ ವಿನ್ಯಾಸದ ಹಾಳೆಯಲ್ಲೇ) ಬರೆದು ಕೊಡಿ. ನಡುವಿನ ಚಿತ್ರ ತುಂಬುವವರು ಊಹಿಸಬೇಕಾಗಿ ಬರಬಾರದು. ಎರಡು ಸಿಲಿಂಡರ್ ಇದ್ದರೆ ಎರಡನೆಯದನ್ನು 90 ಡಿಗ್ರಿ, ಅಂದರೆ ಎರಡು ಚಿತ್ರ ಹಿಂದೆ ಇಡಿ. ಒಂದು ಪಿಸ್ಟನ್ ತುದಿಯಲ್ಲಿ ಸಿಕ್ಕಿಕೊಂಡಿದ್ದರೂ ಇನ್ನೊಂದು ನೂಕಲಿ ಎಂದೇ ನಿಜವಾದ ಎಂಜಿನ್‌ಗಳನ್ನು ಹಾಗೆ ಕಟ್ಟುತ್ತಾರೆ.

ಇದೇ ವೇಗದಲ್ಲಿ ಎಂಟು ಕಡ್ಡಿಯ ಚಕ್ರ ಬರೆದರೆ ಅದು ನಿಂತಂತೆ ಕಾಣುತ್ತದೆ. ಪ್ರತಿ ಚಿತ್ರದಲ್ಲೂ ಒಂದು ಕಡ್ಡಿ ಮುಂದಿನ ಕಡ್ಡಿಯ ಜಾಗಕ್ಕೆ ಬಂದಿರುತ್ತದಲ್ಲ. ಒಂದು ಚಿತ್ರದಿಂದ ಇನ್ನೊಂದಕ್ಕೆ ಚಕ್ರ ತಿರುಗುವ ಕೋನ, ಎರಡು ಕಡ್ಡಿಗಳ ನಡುವಿನ ಕೋನದ ಅರ್ಧಕ್ಕಿಂತ ಕಡಿಮೆ ಇರಬೇಕು. ಹೆಚ್ಚಾದರೆ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಉಂಟು. ಕಡ್ಡಿ ಕಡಿಮೆ ಮಾಡಿ, ಇಲ್ಲವೇ ಒಂದು ಪಕ್ಕದಲ್ಲಿ ದಪ್ಪ ತೂಕದ ತುಂಡು ಬರೆಯಿರಿ, ಕಣ್ಣು ಅದನ್ನು ಹಿಡಿದು ಹೋಗುತ್ತದೆ.

ಹಬೆಯ ಬಗ್ಗೆ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನಿಡಿ: ಹಬೆ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಬಿಳಿ ಮೋಡ, ತಣ್ಣಗಾಗಿ ಹನಿಯಾದ ನೀರು. ಆದ್ದರಿಂದ ವಾಲ್ವಿನ ಬಾಯಿಗೂ ಬಿಳುಪಿಗೂ ನಡುವೆ ಖಾಲಿ ಜಾಗ ಬಿಡಿ. ಒತ್ತಡ ಹೆಚ್ಚಿದಷ್ಟೂ, ಹಬೆ ಬಿಸಿಯಿದ್ದಷ್ಟೂ ಆ ಖಾಲಿ ಉದ್ದವಾಗಲಿ. ಆ ಖಾಲಿಯಲ್ಲಿ ಹಿಂದಿನ ಚಿತ್ರ ಸ್ವಲ್ಪ ನಡುಗಿದರೆ ಸಾಕು, ನೋಡುವವರಿಗೆ ಅಲ್ಲಿ ಕೈ ಇಟ್ಟರೆ ಚರ್ಮ ಹೋಗುತ್ತದೆ ಅನ್ನಿಸುತ್ತದೆ. ಅದರ ಮುಂದೆ ಅಂಚು ಚೂಪಾದ ದಟ್ಟ ಬಿಳಿ, ಆಮೇಲೆ ಉರುಟಾದ ಮುದ್ದೆಗಳು, ಕೊನೆಗೆ ತೂತು ಬಿದ್ದು ಹರಿದು ಮಾಯವಾಗುವ ಚೂರುಗಳು. ಮುದ್ದೆಗಳನ್ನು ಕುಗ್ಗಿಸಿ ಮಾಯ ಮಾಡಬೇಡಿ, ಒಳಗಿನಿಂದ ತೂತು ಹೆಚ್ಚಿಸುತ್ತಾ ಹೋಗಿ. ಒಣ ಬಿಸಿಗಾಳಿಯಲ್ಲಿ ಬೇಗ ಕರಗಲಿ. ಎತ್ತರದ ಚಳಿಯಲ್ಲಿ ಉದ್ದನೆಯ ಬಾಲವಾಗಿ ನಿಲ್ಲಲಿ, ಶತ್ರುವಿಗೆ ದಾರಿ ತೋರಿಸಲಿ. ಹೊಗೆಯ ಬಣ್ಣ ಬೇರೆಯೇ ಮಾತು: ಕಪ್ಪಾದರೆ ಬೆಂಕಿಗೆ ಗಾಳಿ ಸಾಲದು, ತೆಳು ಬೂದಿಯಾದರೆ ಬೆಂಕಿ ಸರಿಯಾಗಿದೆ.

ಹಾರುವ ವಿಮಾನದ ಕೊಳವೆಯ ಮೇಲೆ ರೈಲಿನಂತೆ ಗುಂಡಗುಂಡನೆಯ ಮೋಡ ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಗಂಟೆಗೆ 180 ಕಿ.ಮೀ. ವೇಗದಲ್ಲಿ ವಿಮಾನ ಒಂದು ಫ್ರೇಮಿಗೆ ಎರಡು ಮೀಟರ್, ಮೂರು ಫ್ರೇಮಿಗೆ ಆರು ಮೀಟರಿಗೂ ಹೆಚ್ಚು ಸರಿಯುತ್ತದೆ. ಹಬೆ ಹೊರಬಿದ್ದ ಚಿತ್ರದ ಮುಂದಿನ ಚಿತ್ರದಲ್ಲಿ ಅದು ಬಾಲದ ಹತ್ತಿರ ಇರಬೇಕು. ಹಾರಾಟದಲ್ಲಿ ಹಬೆ ಅಂದರೆ ಎಳೆದ ಗೆರೆ. ಗುಂಡನೆಯ ಮೋಡಗಳನ್ನು ನೆಲಕ್ಕೆ, ಹೊರಡುವ ಕ್ಷಣಕ್ಕೆ ಉಳಿಸಿಕೊಳ್ಳಿ.

ರಿವೆಟ್‌ಗಳನ್ನು ಒತ್ತಡ ತಡೆಯುವ ಜಾಗದಲ್ಲಿ ಮಾತ್ರ ಬರೆಯಿರಿ, ನಡುವೆ ರಿವೆಟ್ಟಿನ ವ್ಯಾಸದ ಸುಮಾರು ಮೂರು ಪಟ್ಟು ಅಂತರ. ಕದಲುವ ಚಿತ್ರದಲ್ಲಿ ಪ್ರತಿ ರಿವೆಟ್ಟೂ ಪ್ರತಿ ಚಿತ್ರದಲ್ಲಿ ಮತ್ತೆ ಬರೆಯಬೇಕಾದದ್ದು. ಒಡಲನ್ನು 3ಡಿಯಲ್ಲಿ ಮಾಡಿ, ಹಬೆ, ಬೆಂಕಿ, ಕೈಗಳನ್ನು ಕೈಯಿಂದ ಬರೆಯುವ ಹಂಚಿಕೆ ಒಳ್ಳೆಯದು. ಪ್ರತಿ ಕೊಳವೆಗೂ ಶುರು ಮತ್ತು ಕೊನೆ ಇರಲಿ. ಬಿಸಿ ಹಬೆಯ ಕೊಳವೆಗೆ ದಪ್ಪ ಬಟ್ಟೆಯ ಸುತ್ತು ಹಾಕಿ, ಹೊಳೆಯುವ ತಾಮ್ರ ತಣ್ಣೀರಿನ ಕಡೆಗಿರಲಿ. ಬೆಂಕಿ ಹೊತ್ತಿಸಿ ಹೊರಡುವ ಕ್ರಮವನ್ನು ಒಮ್ಮೆ ಚೆನ್ನಾಗಿ ಬರೆದು ಬ್ಯಾಂಕ್ ಆಗಿ, ಅಂದರೆ ಬೇರೆ ಕಂತುಗಳಲ್ಲೂ ಮತ್ತೆ ಬಳಸುವ ದೃಶ್ಯವಾಗಿ ಇಟ್ಟುಕೊಳ್ಳಿ: ಗೇಜ್ ಗ್ಲಾಸ್ ನೋಡುವುದು, ಡ್ರೈನ್ ಕಾಕ್ ತೆರೆಯುವುದು, ರೆಗ್ಯುಲೇಟರ್ ಒಂದು ಹಲ್ಲು ಎಳೆಯುವುದು, ಪ್ರೊಪೆಲರ್ ಕಾಲು ಸುತ್ತು ತಿರುಗಿ ನಿಂತು ಮತ್ತೆ ತಿರುಗುವುದು, ಕಾಕ್ ಮುಚ್ಚುವುದು. ಐದು ಕಟ್ (ಬಿಡಿ ದೃಶ್ಯತುಣುಕು), ಒಟ್ಟು 20 ಸೆಕೆಂಡ್. ನೀರು ಕಡಿಮೆಯಿರುವ ಕಂತಿನಲ್ಲಿ ಮೊದಲ ಕಟ್ ಒಂದನ್ನು ಬದಲಿಸಿದರೆ ಸಾಕು.

ಸ್ಟೋರಿಬೋರ್ಡಿನ (ದೃಶ್ಯಗಳ ಕರಡು ಚಿತ್ರಗಳ ಸಾಲಿನ) ಪಕ್ಕದಲ್ಲಿ ಇನ್ನೊಂದು ಕಂಬಸಾಲು ಗೆರೆ ಹಾಕಿ, ಪ್ರತಿ ಕಟ್ ಎದುರಿಗೆ ನೀರಿನ ಮಟ್ಟ ಮತ್ತು ಒತ್ತಡ ಬರೆಯಿರಿ. ಒಂದು ಕಂತಿನಲ್ಲಿ ಸುಮಾರು 300 ಕಟ್ ಇರುತ್ತವೆ, ಬೇರೆ ಬೇರೆ ಜನ ಬರೆಯುತ್ತಾರೆ. ಈ ಸಾಲಿಲ್ಲದಿದ್ದರೆ 140ನೇ ಕಟ್ಟಿನಲ್ಲಿ ಕಾಲು ಗ್ಲಾಸಿದ್ದ ನೀರು 152ರಲ್ಲಿ ಮುಕ್ಕಾಲಾಗಿರುತ್ತದೆ.

ಸದ್ದು

ಎರಡು ಸಿಲಿಂಡರಿನ, ಎರಡೂ ಕಡೆಯಿಂದ ಹಬೆ ನೂಕುವ ಎಂಜಿನ್ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ನಿಮಿಷಕ್ಕೆ 60 ಸುತ್ತಿನಲ್ಲಿ ಸೆಕೆಂಡಿಗೆ ನಾಲ್ಕು ‘ಚುಕ್’ ಬಿಡಿಬಿಡಿಯಾಗಿ ಕೇಳುತ್ತವೆ. ಪ್ರೊಪೆಲರ್ 1,200 ಸುತ್ತಿಗೆ ಏರಿದಾಗ ಸೆಕೆಂಡಿಗೆ 80 ಆಗುತ್ತದೆ. ಅದು ಬಡಿತವಲ್ಲ, ಕೆಳಸ್ವರದ ಗುಂಯ್ ಅನ್ನುವ ನಾದ. ಹಾರಾಟದುದ್ದಕ್ಕೂ ಚುಕುಬುಕು ಹಾಕಿದರೆ ಅದು ರೈಲಾಗಿಬಿಡುತ್ತದೆ. ನೆಲದಲ್ಲಿ ಬಿಡಿ ಬಡಿತ, ಓಡುತ್ತಾ ಓಡುತ್ತಾ ಬಡಿತಗಳು ಕೂಡಿಕೊಳ್ಳುವುದು, ಚಕ್ರ ನೆಲ ಬಿಡುವ ಹೊತ್ತಿಗೆ ಒಂದೇ ಸ್ವರ. ಮೇಲೆ ಹೋದಮೇಲೆ ಎಂಜಿನ್ ಸದ್ದನ್ನು ತಗ್ಗಿಸಿ, ಗಾಳಿ, ತಂತಿಗಳ ಸಿಳ್ಳೆ, ಬೆಂಕಿಯ ಗರ್ಜನೆಗೆ ಜಾಗ ಬಿಡಿ. ಇಂಜೆಕ್ಟರ್ ನೀರು ಹಿಡಿದಾಗ ಅದರದೇ ಒಂದು ಹಾಡಿನಂಥ ಸದ್ದಿದೆ. ಹಿಡಿಯದಿದ್ದಾಗ ಕೆಳಗಿನ ಕೊಳವೆಯಿಂದ ನೀರು, ಹಬೆ ಉಗುಳುತ್ತದೆ. ಟ್ಯಾಂಕಿನ ನೀರು ಬಿಸಿಯಾಗಿಬಿಟ್ಟರೆ ಇಂಜೆಕ್ಟರ್ ಕೆಲಸ ಮಾಡಲು ಒಪ್ಪುವುದಿಲ್ಲ, ಏಕೆಂದರೆ ಅದರೊಳಗೆ ಹಬೆ ನೀರಾಗಿ ತಣಿಯಬೇಕು. ಮೊದಲ ಎರಡು ಕಂತುಗಳಲ್ಲಿ ಈ ಎರಡು ಸದ್ದುಗಳ ವ್ಯತ್ಯಾಸವನ್ನು ನೋಡುಗರಿಗೆ ಪರಿಚಯ ಮಾಡಿಸಿ, ಫೈರ್‌ಮ್ಯಾನ್ ಕಿವಿಗೊಟ್ಟು ಕೇಳುವುದನ್ನು ತೋರಿಸಿ. ಮೂರನೆಯದರಿಂದ ಮುಂದೆ ಇಂಜೆಕ್ಟರ್ ಕೈಕೊಟ್ಟಿತು ಎಂದು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.